ಶಟ್‌ಡೌನ್ ಗಡುವು ಇಳಿಸುವ ಮೊದಲು

ಹೊಸಪೇಟೆಯಿಂದ ಕಂಪ್ಲಿ, ಸಂಡೂರು, ಹಂಪಿ ಸುತ್ತಿನ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳದ್ದು ಒಂದು ಹಳೆಯ ದೂರು: ಅವಧಿ ಮುಗಿದರೂ ಲ್ಯಾಬಿನ ಕಂಪ್ಯೂಟರ್‌ಗಳು ಬೇಗ ಆಫ್ ಆಗುವುದಿಲ್ಲ. ಕಳೆದ ವರ್ಷ ಕಂಪ್ಲಿ ಕಡೆಯ ಶಾಲೆಯೊಂದರಲ್ಲಿ ನಮ್ಮ ವಿದ್ಯಾರ್ಥಿಯೊಬ್ಬ ಇದಕ್ಕೆ ಉಪಾಯ ಹುಡುಕಿದ. ವಿಂಡೋಸ್ ರಿಜಿಸ್ಟ್ರಿಯಲ್ಲಿ 'ಆಟೋಎಂಡ್‌ಟಾಸ್ಕ್ಸ್' ಅನ್ನು 1 ಮಾಡಿ, ಕಾಯುವ ಗಡುವುಗಳನ್ನೆಲ್ಲ 2 ಸೆಕೆಂಡಿಗೆ ಇಳಿಸಿದ. ಗಂಟೆ ಹೊಡೆದು ಶಟ್‌ಡೌನ್ ಒತ್ತಿಸಿದ್ದೇ ತಡ, ಪರದೆಗಳೆಲ್ಲ ಕಪ್ಪು. ಪಾಠ ವೀಕ್ಷಣೆಗೆ ಕೂತಿದ್ದ ನಾನು 'ಸಮಯ ಪಾಲನೆ'ಯ ಎದುರು ಪೂರ್ಣ ಅಂಕ ಬರೆದೆ.

ಮರುದಿನ ಎಂಟನೇ ತರಗತಿಯ ಹುಡುಗಿಯೊಬ್ಬಳು ಬಂದು, "ಸರ್, ನನ್ನ ಕಲ್ಲಿನ ತೇರು ಎಲ್ಲಿ ಹೋಯ್ತು?" ಎಂದಳು. ಇಡೀ ಅವಧಿ ಕೂತು ಪೇಂಟ್‌ನಲ್ಲಿ ಬಿಡಿಸಿದ್ದ ಹಂಪಿಯ ತೇರು. 'ಉಳಿಸಬೇಕೇ?' ಎಂದು ಪೇಂಟ್ ಕೇಳಿ ಉತ್ತರಕ್ಕೆ ಕಾಯುವಷ್ಟರಲ್ಲಿ ವಿಂಡೋಸ್ ಅದನ್ನು ಬಲವಂತವಾಗಿ ಮುಚ್ಚಿಬಿಟ್ಟಿತ್ತು. ಹುಡುಗನನ್ನು ಬೈಯಲು ನನಗೆ ಬಾಯಿ ಬರಲಿಲ್ಲ; ಅಂಕ ಕೊಟ್ಟವನು ನಾನೇ.

ತಪ್ಪು ತಿಳಿವಳಿಕೆ ಇರುವುದು 'ಗಡುವು' ಎಂಬ ಮಾತಿನಲ್ಲಿ. ಉಬುಂಟುವಿನಲ್ಲಿ ಒಂದು ಸೇವೆ ನಿಲ್ಲಲು ಸಿಸ್ಟಂಡಿ ಮಾಮೂಲಾಗಿ 90 ಸೆಕೆಂಡು ಅವಕಾಶ ಕೊಡುತ್ತದೆ. ವಿಂಡೋಸ್ 10ರಲ್ಲಿ ಸೇವೆಗಳಿಗೆ 5 ಸೆಕೆಂಡು. ಅಷ್ಟು ಹೊತ್ತು ಕಾದೇ ತೀರುತ್ತದೆ ಎಂದಲ್ಲ, ಅದಕ್ಕಿಂತ ಹೆಚ್ಚು ಕಾಯುವುದಿಲ್ಲ ಎಂದರ್ಥ. ಸರಿಯಿರುವ ಯಂತ್ರ ಗಡುವಿನ ತನಕ ಹೋಗುವುದೇ ಇಲ್ಲ. ಹಾಗಾಗಿ ಗಡುವು ಇಳಿಸಿದರೆ ಬೇಗ ಆಫ್ ಆಗುವುದು ತೊಡಕಿರುವ ಯಂತ್ರ ಮಾತ್ರ, ತೊಡಕು ಇದ್ದಲ್ಲೇ ಇರುತ್ತದೆ. ಉಬುಂಟುವಿನ ಜರ್ನಲ್ ತೆರೆದರೆ ಯಾವ ಸೇವೆ ಅಡ್ಡಿಯಾಯಿತೆಂದು ಗೊತ್ತಾಗುತ್ತದೆ. ಮೊದಲು ಅದನ್ನು ನೋಡಬೇಕು.

ಕರೆಂಟು ಹೋಗಿ ಯುಪಿಎಸ್ ಕೂಗುವಾಗ 90 ಸೆಕೆಂಡು ದುಬಾರಿ ಎಂಬ ವಾದವನ್ನು ಒಪ್ಪುತ್ತೇನೆ. ಸಂಡೂರಿನಲ್ಲಿ ನಾನು ನೋಡಿದ ಲ್ಯಾಬಿನ ಬ್ಯಾಟರಿಗಳು ಹಳೆಯವು. ಅಲ್ಲಿ ಗಡಿಯಾರ ಹಿಡಿದು ಎರಡನ್ನು ಅಳೆದೆವು: ಬ್ಯಾಟರಿ ಎಷ್ಟು ನಿಮಿಷ ತಡೆಯುತ್ತದೆ, ಎಲ್ಲಕ್ಕಿಂತ ನಿಧಾನದ ಕಂಪ್ಯೂಟರ್ ಆಫ್ ಆಗಲು ಎಷ್ಟು ಹೊತ್ತು ಬೇಕು. ಆಮೇಲೆ 30 ಸೆಕೆಂಡಿಗೆ ಇಳಿಸಿದೆವು. ಅಳೆದು ಇಳಿಸಿದ್ದಕ್ಕೆ ನನ್ನ ತಕರಾರಿಲ್ಲ.

ವಿಂಡೋಸ್ ಲ್ಯಾಬುಗಳಲ್ಲಿ ಆಟೋಎಂಡ್‌ಟಾಸ್ಕ್ಸ್ 0 ಆಗಿಯೇ ಇರಲಿ, ಅದು ಕೇಳಲಿ. 40 ನಿಮಿಷದ ಪಾಠ ಯೋಜನೆಯಲ್ಲಿ ಕೊನೆಯ ಐದು ನಿಮಿಷ ಕಡತಕ್ಕೆ ಹೆಸರು ಕೊಟ್ಟು ಉಳಿಸಿ ಮುಚ್ಚುವುದಕ್ಕೇ ಮೀಸಲಿರಲಿ. ಅದೂ ಕಂಪ್ಯೂಟರ್ ಪಾಠವೇ. ಈ ವರ್ಷದಿಂದ ನಾನು ಕೊನೆಯ ಮಗುವಿನ ಕಡತ ಉಳಿಯಿತೇ ಎಂದು ನೋಡದೆ ಆ ಕಲಮಿಗೆ ಅಂಕ ಹಾಕುತ್ತಿಲ್ಲ.