ತಪ್ಪು ಸಾಕ್ಷಿಯೂ ಮೂಕ ಪರೀಕ್ಷಕನೂ

ನಿಘಂಟುಗಳನ್ನು ಬಳಸಿ ರೂಢಿಯುಳ್ಳವರಿಗೆ ಒಂದು ಅನುಭವ ಹೊಸದೇನೂ ಅಲ್ಲ. ಒಂದು ಶಬ್ದದ ಅರ್ಥವನ್ನು ನೋಡಹೋದರೆ ಅಲ್ಲಿ ಮತ್ತೊಂದು ಶಬ್ದವನ್ನು ನೋಡುವಂತೆ ಸೂಚನೆಯಿರುತ್ತದೆ; ಆ ಮತ್ತೊಂದನ್ನು ತೆರೆದರೆ ಮೊದಲಿನದನ್ನೇ ನೋಡಬೇಕೆಂದು ಹೇಳಿರುತ್ತದೆ. ಎರಡು ಬಾರಿ ಹಾಳೆ ಮಗುಚಿದ ಮೇಲೆ ನಾವು ನಕ್ಕು, ಕೋಶಕಾರರು ಇಲ್ಲಿ ಎಡವಿದರೆಂದು ಅರಿತು, ಬೇರೆ ಕೋಶವನ್ನು ಅರಸುತ್ತೇವೆ. ಆದರೆ ಹಾಳೆ ಮಗುಚುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದಾಗ ಅದಕ್ಕೆ ಈ ನಗು ಬರುವುದಿಲ್ಲ. ಎಲ್ಲಿ ನಿಲ್ಲಬೇಕೆಂದು ಮೊದಲೇ ಕಲಿಸಿರದಿದ್ದರೆ ಅದು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಅಲೆಯುತ್ತಲೇ ಇರುತ್ತದೆ.

ತಂತ್ರಾಂಶದ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಮನೆಗೆ ಬಂದಿದ್ದಾಗ ಇಂಥದೇ ಸಂಗತಿಯೊಂದನ್ನು ಹೇಳಿದ. ಪ್ರೋಗ್ರಾಮುಗಳಲ್ಲಿ ಅಡಗಿರುವ ತಪ್ಪನ್ನು ಪತ್ತೆಮಾಡಲು ಡಿಬಗ್ಗರ್ ಎಂಬ ಇನ್ನೊಂದು ಪ್ರೋಗ್ರಾಮು ಇದೆ. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದಲ್ಲಿ ತಡೆದು, ಈಗ ಯಾವ ಸಾಲಿನಲ್ಲಿದ್ದೀಯೆ, ಈ ಚರದ ಬೆಲೆ ಎಷ್ಟು ಎಂದು ವಿಚಾರಿಸುವುದು ಅದರ ಕೆಲಸ. ಅಂಥ ಒಂದು ಡಿಬಗ್ಗರನ್ನು ತಿದ್ದಿ ಬೆಳೆಸುವುದೇ ಇವನ ಉದ್ಯೋಗ. ಯಾರದೋ ಕಡತವೊಂದನ್ನು ತೆರೆದು ಪ್ರಶ್ನೆ ಕೇಳಿದಾಗ ಅದು ಉತ್ತರವನ್ನೂ ಕೊಡಲಿಲ್ಲ, ತಪ್ಪೆಂದೂ ಹೇಳಲಿಲ್ಲ, ಸ್ತಬ್ಧವಾಗಿ ನಿಂತುಬಿಟ್ಟಿತಂತೆ. “ತಪ್ಪು ನಮ್ಮದಲ್ಲ ಸಾರ್, ಕಡತದಲ್ಲಿದ್ದ ಮಾಹಿತಿಯೇ ಕೆಟ್ಟಿತ್ತು” ಎಂದ. ಈ ಮಾತಿನ ಉತ್ತರಾರ್ಧವನ್ನು ನಾನು ಒಪ್ಪಿದೆ, ಪೂರ್ವಾರ್ಧವನ್ನು ಒಪ್ಪಲಾಗಲಿಲ್ಲ. ಏಕೆಂಬುದನ್ನು ಇಲ್ಲಿ ವಿಚಾರಿಸಬಹುದು.

ನಾವು ಬರೆದ ಸಾಲುಗಳನ್ನು ಕಂಪೈಲರು ಯಂತ್ರಭಾಷೆಗೆ ತಿರುಗಿಸುವಾಗ ಹೆಸರುಗಳು, ಸಾಲಿನ ಸಂಖ್ಯೆಗಳು, ಚರಗಳ ಬಗೆಗಳು ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಅವುಗಳ ನೆನಪಿಗಾಗಿ ಕಡತದೊಡನೆ ಒಂದು ಟಿಪ್ಪಣಿಯನ್ನು ಸೇರಿಸುವುದುಂಟು. ಲಿನಕ್ಸ್ ಮುಂತಾದ ವ್ಯವಸ್ಥೆಗಳಲ್ಲಿ ಈ ಟಿಪ್ಪಣಿಯ ರೂಪಕ್ಕೆ ಡ್ವಾರ್ಫ್ ಎಂದು ಹೆಸರು. ಅದರ ಐದನೆಯ ಆವೃತ್ತಿ ಪ್ರಕಟವಾದದ್ದು 2017ರಲ್ಲಿ. ಡ್ವಾರ್ಫ್ ಎಂದರೆ ಕುಬ್ಜ. ಹೆಸರು ವಾಮನನದಾದರೂ ಗಾತ್ರ ತ್ರಿವಿಕ್ರಮನದು. ದೊಡ್ಡ ಪ್ರೋಗ್ರಾಮುಗಳಲ್ಲಿ ಯಂತ್ರಭಾಷೆಯ ಮೂಲಕ್ಕಿಂತ ಟಿಪ್ಪಣಿಯೇ ಹಿರಿದಾಗಿರುವುದು ಅಪರೂಪವಲ್ಲ. ಅದರೊಳಗಿನ ನಮೂದುಗಳು ಒಂದನ್ನೊಂದು ಬೆರಳು ಮಾಡಿ ತೋರಿಸುತ್ತವೆ. ಈ ಚರ ಯಾವ ಬಗೆಯದೆಂದರೆ ಅಲ್ಲಿ ನೋಡು. ಆ ಬಗೆ ಯಾವುದರ ಪರ್ಯಾಯನಾಮವೆಂದರೆ ಮತ್ತೊಂದೆಡೆ ನೋಡು. ಹೀಗೆ ತೋರಿಸುತ್ತ ಹೋದ ಬೆರಳು ಕೊನೆಗೆ ತನ್ನತ್ತಲೇ ತಿರುಗಿದರೆ ನಿಘಂಟಿನ ಕಥೆ ಮರುಕಳಿಸುತ್ತದೆ.

ಹಾಗಾದರೆ ಇಂಥ ಸುತ್ತುಗಳನ್ನೆಲ್ಲ ತಿರಸ್ಕರಿಸಿಬಿಡಬಾರದೇಕೆ ಎಂದು ಓದುಗರು ಕೇಳಬಹುದು. ಸುತ್ತುಗಳಲ್ಲಿ ಸಾಧುವಾದವೂ ಇವೆ. ಸರಪಣಿಯಂತೆ ಹೆಣೆದ ಪಟ್ಟಿಯೊಂದರಲ್ಲಿ, ಕೊಂಡಿಯೆಂದರೆ ಏನೆಂಬ ವರ್ಣನೆಯೊಳಗೇ ‘ಇಂಥದೇ ಇನ್ನೊಂದು ಕೊಂಡಿಯ ವಿಳಾಸ’ ಎಂಬ ಅಂಶ ಇರಲೇಬೇಕು, ಅದು ತಪ್ಪಲ್ಲ. ಈ ಹೆಸರು ಯಾವುದರ ಪರ್ಯಾಯವೆಂದು ಕೇಳಿದಾಗ ಇದೇ ಹೆಸರಿನ ಪರ್ಯಾಯವೆಂದು ಉತ್ತರ ಬಂದರೆ ಮಾತ್ರ ಅನರ್ಥ. ಇನ್ನೂ ಒಂದು ತೊಡಕುಂಟು. ಚರವು ಎಲ್ಲಿದೆಯೆಂದು ತಿಳಿಸಲು ಡ್ವಾರ್ಫ್ ಟಿಪ್ಪಣಿಯಲ್ಲಿ ಪುಟ್ಟ ಲೆಕ್ಕಗಳನ್ನೂ ಬರೆದಿಡಬಹುದು. ಅವುಗಳಲ್ಲಿ ಹಿಂದಕ್ಕೆ ಜಿಗಿಯುವ ಆಜ್ಞೆಗೂ ಎಡೆಯಿದೆ. ಆದುದರಿಂದ ಲೆಕ್ಕವೇ ಮುಗಿಯದೆ ಹೋಗಬಹುದು. ಒಂದು ಲೆಕ್ಕ ಮುಗಿಯುವುದೋ ಇಲ್ಲವೋ ಎಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ಮುಂಚಿತವಾಗಿ ತೀರ್ಮಾನಿಸಬಲ್ಲ ವಿಧಾನ ಇರಲಾರದೆಂಬುದು ಆಲನ್ ಟ್ಯೂರಿಂಗರ 1936ರ ಪ್ರಬಂಧದಿಂದ ಸಿದ್ಧವಾಗಿದೆ. ಹೀಗಿರಲು ಎಚ್ಚರಿಕೆಯುಳ್ಳ ಸಾಧನಕ್ಕೆ ಉಳಿಯುವ ದಾರಿ ಎರಡೇ: ನೋಡಿದುದನ್ನು ಗುರುತಿಟ್ಟುಕೊಳ್ಳುವುದು, ಹೆಜ್ಜೆಗಳಿಗೆ ಒಂದು ಮಿತಿಯನ್ನು ಹಾಕಿಕೊಳ್ಳುವುದು.

ಈಗ ತಪ್ಪು ಯಾರದೆಂಬ ಪ್ರಶ್ನೆಗೆ ಬರೋಣ. ಕೆಟ್ಟ ಟಿಪ್ಪಣಿಯನ್ನು ಬರೆದದ್ದು ಕಂಪೈಲರು, ನಿಜ. ಆದರೆ ಎಲ್ಲವೂ ಸರಿಯಾಗಿರುವಾಗ ಡಿಬಗ್ಗರನ್ನು ಕರೆಯುವವರಾರು? ಕೆಟ್ಟುದರ ನಡುವೆ ನಿಂತು ಕೆಲಸ ಮಾಡುವುದೇ ಅದರ ಧರ್ಮ. ಮತ್ತೆ ಕಾಣಿಸಿಕೊಳ್ಳುವುದೋ ಇಲ್ಲವೋ ತಿಳಿಯದ ದೋಷವೊಂದನ್ನು ಬಹು ಕಷ್ಟದಿಂದ ಹಿಡಿದು ನಿಲ್ಲಿಸಿದವನಿಗೆ, ಆ ಗಳಿಗೆಯಲ್ಲಿಯೇ ಸಾಧನ ಸ್ತಬ್ಧವಾದರೆ, ಸಿಕ್ಕಿದ್ದ ಜಾಡು ತಪ್ಪುತ್ತದೆ. ಲಕ್ಷಾಂತರ ನಮೂದುಗಳಲ್ಲಿ ಒಂದು ಕೆಟ್ಟಿತೆಂದು ಉಳಿದವನ್ನೂ ನೋಡಗೊಡದಿರುವುದು, ಗರಿಯೊಂದನ್ನು ಹುಳು ತಿಂದಿತೆಂದು ಓಲೆಯ ಕಟ್ಟನ್ನೇ ಹೊಳೆಗೆ ಹಾಕಿದಂತೆ. ರಿಚರ್ಡ್ ಸ್ಟಾಲ್ಮನ್ನರು 1986ರಲ್ಲಿ ಬರೆದ, ಇಂದಿಗೂ ಬೆಳೆಯುತ್ತಿರುವ ಜಿಡಿಬಿ ಎಂಬ ಡಿಬಗ್ಗರಿನಲ್ಲಿ ಒಂದು ಒಳ್ಳೆಯ ನಡತೆಯನ್ನು ಕಾಣಬಹುದು. ಯಾವ ಕಾರ್ಯವನ್ನು ಯಾವುದು ಕರೆಯಿತೆಂದು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಹೋಗುವಾಗ, ಹೊಸ ಮೆಟ್ಟಿಲು ಈಗ ನಿಂತ ಮೆಟ್ಟಿಲೇ ಎಂದು ಕಂಡರೆ ಅದು ಅಲ್ಲಿಗೆ ನಿಲ್ಲಿಸಿ, ಸ್ಟ್ಯಾಕು ಕೆಟ್ಟಿರಬಹುದೆಂಬ ಸಂಶಯವನ್ನು ತಿಳಿಸಿ, ಮುಂದಿನ ಪ್ರಶ್ನೆಗೆ ಸಿದ್ಧವಾಗುತ್ತದೆ. ಸಾಧನದಿಂದ ನಾವು ಕೇಳಬೇಕಾದದ್ದು ಇಷ್ಟೇ. ತಿಳಿಯದುದನ್ನು ತಿಳಿಯದೆಂದು ಹೇಳಿದರೆ ಅದಕ್ಕೆ ಕುಂದಿಲ್ಲ.

ಜಿಡಿಬಿಯ ಪರೀಕ್ಷೆಗಳನ್ನು ನಡೆಸುವ ಡೆಜಾಗ್ನು ಎಂಬ ಸಾಧನದಲ್ಲಿ ಫಲಿತಾಂಶಗಳು ಪಾಸು, ಫೇಲು ಎಂದು ಎರಡೇ ಅಲ್ಲ. ಪರಿಸರದ ದೋಷದಿಂದ ನಿರೀಕ್ಷಿತವಾದ ಸೋಲಿಗೆ ‘ಎಕ್ಸ್‌ಫೇಲ್’ ಎಂದೂ, ಪರೀಕ್ಷೆಗೆ ಒಳಗಾದ ಸಾಧನದ್ದೇ ಆದ, ಮೊದಲೇ ತಿಳಿದಿರುವ ದೋಷಕ್ಕೆ ‘ಕೆಫೇಲ್’ ಎಂದೂ ಬೇರೆ ಬೇರೆ ಗುರುತುಗಳಿವೆ. ಕಂಪೈಲರಿನ ತಪ್ಪಿನಿಂದ ಚರದ ಬೆಲೆ ತಪ್ಪಾಗಿ ಕಂಡರೆ ಮೊದಲನೆಯ ಗುರುತು ನ್ಯಾಯವಾದದ್ದು. ಸಾಧನವೇ ಮೂಕವಾದಾಗಲೂ ಅದೇ ಗುರುತಿನ ಮರೆಗೆ ಸರಿಯುವುದು ಜವಾಬ್ದಾರಿಯಿಂದ ನುಣುಚಿಕೊಳ್ಳುವುದೆಂದೇ ನನ್ನ ಅಭಿಪ್ರಾಯ.

ದೋಷವನ್ನು ತಿದ್ದಿಯಾಯಿತು, ಅಲ್ಲಿಗೆ ಕೆಲಸ ಮುಗಿಯಿತೆ? ಫ್ರೆಡರಿಕ್ ಬ್ರೂಕ್ಸರು 1975ರಲ್ಲಿ ಪ್ರಕಟವಾದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಗ್ರಂಥದಲ್ಲಿ, ಒಂದು ದೋಷವನ್ನು ತಿದ್ದುವಾಗ ಮತ್ತೊಂದು ಹುಟ್ಟುವ ಸಂಭವ ನೂರಕ್ಕೆ 20ರಿಂದ 50ರಷ್ಟೆಂದು ಹೇಳಿದ್ದಾರೆ. ಆದುದರಿಂದಲೇ ಪ್ರತಿ ತಿದ್ದುಪಡಿಯ ಬಳಿಕವೂ ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ನಡೆಸುವ ಪದ್ಧತಿಯುಂಟು. ಇದಕ್ಕೆ ರಿಗ್ರೆಷನ್ ಪರೀಕ್ಷೆ ಎಂದು ಹೆಸರು. ಇಲ್ಲಿ ಒಂದು ವಿಚಿತ್ರ ಒದಗುತ್ತದೆ. ಕಂಪೈಲರು ನಾಳೆ ತಾನೂ ತಿದ್ದಿಕೊಂಡರೆ ಆ ಕೆಟ್ಟ ಟಿಪ್ಪಣಿ ಮತ್ತೆ ಹುಟ್ಟುವುದಿಲ್ಲ. ಪರೀಕ್ಷೆಗೆ ಸಾಮಗ್ರಿಯೇ ಇಲ್ಲದಂತಾಗುತ್ತದೆ. ಆದ್ದರಿಂದ ತಪ್ಪನ್ನು ಜೋಪಾನವಾಗಿ ಕಾಪಾಡಬೇಕು. ಜಿಡಿಬಿಯ ಪರೀಕ್ಷಕರು ಕೆಟ್ಟ ಡ್ವಾರ್ಫ್ ಟಿಪ್ಪಣಿಯನ್ನು ಬೇಕೆಂದೇ ಕೈಯಿಂದ ರಚಿಸಲು ಸಾಧನವೊಂದನ್ನು ಮಾಡಿಕೊಂಡಿದ್ದಾರೆ. ಪ್ರಾಚೀನ ಕಾವ್ಯಗಳನ್ನು ಸಂಪಾದಿಸುವವರು ತಾವು ಕೈಬಿಟ್ಟ ಪಾಠವನ್ನೂ ಅಡಿಟಿಪ್ಪಣಿಯಲ್ಲಿ ಉಳಿಸುವುದನ್ನು ಬಲ್ಲವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಪರೀಕ್ಷೆಯೂ ಮೋಸಹೋಗಬಹುದು. ಜಿಡಿಬಿ ಟಿಪ್ಪಣಿಯನ್ನೆಲ್ಲ ಒಮ್ಮೆಗೇ ಪೂರ್ತಿಯಾಗಿ ಓದುವುದಿಲ್ಲ. ಬೇಕಾದಾಗ ಬೇಕಾದಷ್ಟನ್ನು ಬಿಡಿಸಿಕೊಳ್ಳುತ್ತದೆ. ಕೆಟ್ಟ ನಮೂದನ್ನು ಮುಟ್ಟುವ ಪ್ರಶ್ನೆಯನ್ನು ಕೇಳದಿದ್ದರೆ ಪರೀಕ್ಷೆ ಪಾಸೆನ್ನುತ್ತದೆ, ಆ ಪಾಸಿಗೆ ಅರ್ಥವಿರುವುದಿಲ್ಲ. ಆದುದರಿಂದ ಹೊಸ ಪರೀಕ್ಷೆಯನ್ನು ಮೊದಲು ತಿದ್ದದಿರುವ ಡಿಬಗ್ಗರಿನ ಮೇಲೆ ನಡೆಸಿ, ಅದು ಅಲ್ಲಿ ಫೇಲಾಗುವುದನ್ನು ಕಣ್ಣಾರೆ ಕಾಣಬೇಕು. ಗಡಿಯಾರದ ತೀರ್ಪೂ ಪೂರ್ಣವಲ್ಲ. ಡೆಜಾಗ್ನುವಿಗೆ ಆಧಾರವಾದ ಎಕ್ಸ್‌ಪೆಕ್ಟ್ ಎಂಬ ಸಾಧನ, ಬೇರೆ ಅವಧಿಯನ್ನು ಹೇಳದಿದ್ದರೆ, 10 ಸೆಕೆಂಡು ಕಾಯುತ್ತದೆ. ನಿಧಾನವಾದ ಯಂತ್ರದಲ್ಲಿ ಸರಿಯುತ್ತರವೂ ಅಷ್ಟರೊಳಗೆ ಬಾರದಿರಬಹುದು. ಅವಧಿಯನ್ನು ಹೆಚ್ಚಿಸಬಹುದು, ಆದರೆ ಫೇಲನ್ನು ಕಾಣಲಾರದೆ ಹೆಚ್ಚಿಸುತ್ತ ಹೋಗುವುದು, ಮಂದ ಹುಡುಗನಿಗೆ ಪಾಠ ಹೇಳುವ ಬದಲು ಪರೀಕ್ಷೆಯನ್ನೇ ಮುಂದೂಡಿದಂತಾಗುತ್ತದೆ.

ಇದನ್ನೆಲ್ಲ ಅಂದು ಅವನೊಡನೆ ವಾದಿಸಿದೆ. ಅವನು ನಕ್ಕು ಎದ್ದುಹೋದ. ಕೆಲವು ವಾರಗಳಾದ ಮೇಲೆ ದೂರವಾಣಿಯಲ್ಲಿ ಮಾತನಾಡಿದ. ಕೆಟ್ಟ ಟಿಪ್ಪಣಿಯನ್ನು ಹತ್ತಾರು ಸಾಲಿಗೆ ಇಳಿಸಿ ಪರೀಕ್ಷೆಯನ್ನು ಬರೆದನಂತೆ. ಹಳೆಯ ಡಿಬಗ್ಗರು ಮೂಕವಾಗಿ ನಿಂತು ಫೇಲಾಯಿತು. ತಿದ್ದಿದ್ದು ಒಡನೆಯೇ ತನ್ನ ಆಕ್ಷೇಪವನ್ನು ಹೇಳಿ ಮುಂದಿನ ಪ್ರಶ್ನೆಗೆ ಅಣಿಯಾಯಿತು. “ಫೇಲಾದದ್ದನ್ನು ಕಂಡು ಸಂತೋಷಪಟ್ಟದ್ದು ಇದೇ ಮೊದಲು ಸಾರ್” ಎಂದ. ಕಂಪೈಲರಿನವರಿಗೂ ಒಂದು ದೂರನ್ನು ಬರೆದಿದ್ದಾನಂತೆ. ಅದೂ ಆಗಬೇಕಾದದ್ದೇ.