ವಕೀಲಿ ಓದಿಗೆ ಅರ್ಜಿ ಎಲ್ಲೆಲ್ಲಿ?

ಇಂಜಿನಿಯರಿಂಗ್, ವೈದ್ಯಕೀಯ ಎಂಬ ಎರಡೇ ಮಾತು ಕೇಳಿಬರುತ್ತಿದ್ದ ನಮ್ಮ ಮನೆಗಳಲ್ಲಿ ಈಚೆಗೆ ಮೂರನೆಯದೊಂದು ಕೇಳಿಬರುತ್ತಿದೆ: ಕಾಯದೆ. ಸಂತೋಷವೇ. ಆದರೆ ಹನ್ನೆರಡನೆಯ ಇಯತ್ತೆ ಮುಗಿಯುವ ಹೊತ್ತಿಗೆ, ಅರ್ಜಿ ಎಲ್ಲೆಲ್ಲಿ ಹಾಕಬೇಕೆಂದು ತಿಳಿಯದೆ ತಂದೆತಾಯಿಗಳು ತಬ್ಬಿಬ್ಬಾಗುವುದನ್ನು ನೋಡುತ್ತಿದ್ದೇವೆ. ದಿನವಿಡೀ ಅರ್ಜಿಗಳ ನಡುವೆಯೇ ಕೂಡುವ ಕಾರಕೂನರಾದ ನಮಗೆ ಮತ್ತೇನು ತಿಳಿಯದಿದ್ದರೂ ಅರ್ಜಿಯ ಮರ್ಮ ತುಸು ತಿಳಿದೀತು. ಆದುದರಿಂದ ಈ ಸಲ ಆ ವಿಷಯವಾಗಿ ನಾಲ್ಕು ಮಾತು.

ಪುಣೆಗೂ ಕನ್ನಡಿಗರ ಕಾಯದೆಯ ಓದಿಗೂ ಹಳೆಯ ನಂಟುಂಟು. ಇಂಡಿಯನ್ ಲಾ ಸೊಸಾಯಟಿಯವರು ಇಲ್ಲಿ ಕಾಲೇಜು ತೆರೆದುದು ೧೯೨೪ರಲ್ಲಿ. ಗದಗ ಜಿಲ್ಲೆಯ ಗಜೇಂದ್ರಗಡವನ್ನು ಅಡ್ಡಹೆಸರಿನಲ್ಲಿಯೇ ಹೊತ್ತ ಪ್ರಹ್ಲಾದ ಬಾಲಾಚಾರ್ಯ ಗಜೇಂದ್ರಗಡಕರರು ಸಾತಾರೆಯಲ್ಲಿ ಹುಟ್ಟಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿಯೂ ಪುಣೆಯ ಡೆಕ್ಕನ್ ಕಾಲೇಜಿನಲ್ಲಿಯೂ ಓದಿ, ೧೯೨೬ರಲ್ಲಿ ಈ ಕಾಯದೆ ಕಾಲೇಜಿನಿಂದ ಪದವಿ ಪಡೆದರು. ೧೯೬೪ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಆಗ ಧಾರವಾಡ, ಬೆಳಗಾವಿ, ಪುಣೆ ಎಲ್ಲವೂ ಒಂದೇ ಮುಂಬಯಿ ಪ್ರಾಂತ, ಒಂದೇ ಮುಂಬಯಿ ವಿಶ್ವವಿದ್ಯಾಲಯ. ೧೯೪೯ರಲ್ಲಿ ಪುಣೆಯದೂ ಕರ್ನಾಟಕದ್ದೂ ವಿಶ್ವವಿದ್ಯಾಲಯಗಳು ಬೇರೆಯಾದವು; ೧೯೫೬ರಲ್ಲಿ ರಾಜ್ಯಗಳೇ ಬೇರೆಯಾದವು. ಅಂದು ರೈಲಿನ ಟಿಕೀಟು ಸಾಕಾಗಿದ್ದ ದಾರಿಗೆ ಇಂದು ಪ್ರಮಾಣಪತ್ರಗಳು ಬೇಕು.

ಇಲ್ಲಿಯೇ ನಮ್ಮವರಿಗೊಂದು ಭ್ರಮೆ ಇದೆ. ೧೯೮೮ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆಂದು ನೂರಕ್ಕೆ ೨೫ ಜಾಗಗಳಿವೆ. 'ನಾವು ಕನ್ನಡಿಗರು, ನಮಗೂ ಅದು ಸಿಕ್ಕೀತು' ಎಂದು ಅನೇಕರು ನಂಬಿದ್ದಾರೆ. ಆದರೆ ಅಲ್ಲಿ ಕರ್ನಾಟಕದ ವಿದ್ಯಾರ್ಥಿಯೆಂದರೆ ಕರ್ನಾಟಕದ ಶಾಲೆಗಳಲ್ಲಿ ೧೦ ವರ್ಷಕ್ಕೆ ಕಡಿಮೆಯಿಲ್ಲದೆ ಓದಿದವನು. ನಿಯಮವು ಎಣಿಸುವುದು ಶಾಲೆಯ ವರ್ಷಗಳನ್ನು. ಮನೆಯ ಮಾತನ್ನು ಅದು ಕೇಳುವುದಿಲ್ಲ. ಬೆಂಗಳೂರಿನಲ್ಲಿ ಬೆಳೆದ ಮರಾಠಿ ಹುಡುಗನಿಗೆ ಆ ಜಾಗ ಉಂಟು, ಪುಣೆಯಲ್ಲಿ ಬೆಳೆದ ನಮ್ಮ ಹುಡುಗಿಗೆ ಇಲ್ಲ. ಮನಸ್ಸಿಗೆ ಚುಚ್ಚುವ ಮಾತೇ ಹೌದು. ಆದರೆ ಉಳಿದ ಜಾಗಗಳಿಗೆ ಎಲ್ಲರಂತೆ ಅವಳೂ ಅರ್ಹಳು. ಮೇಲಾಗಿ ಅಂಥದೇ ಅಳತೆಯಿಂದ ಅವಳು ಈ ರಾಜ್ಯದ ವಿದ್ಯಾರ್ಥಿನಿಯಾಗುತ್ತಾಳೆ; ಇಲ್ಲಿಯ ಕಾಲೇಜುಗಳಲ್ಲಿ ರಾಜ್ಯದವರಿಗಿಟ್ಟ ಜಾಗಗಳು ಅವಳಿಗೆ ಸಲ್ಲುತ್ತವೆ. ಆದುದರಿಂದ ವಾಸ್ತವ್ಯದ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡತಕ್ಕದ್ದು. ಜಾತಿಯ ಮೀಸಲಾತಿಯೂ ರಾಜ್ಯ ದಾಟಿದೊಡನೆ ತಾನಾಗಿ ಹಿಂದೆ ಬರುವುದಿಲ್ಲ. ಆಂಧ್ರದಿಂದ ಮುಂಬಯಿಗೆ ಬಂದ ಕುಟುಂಬದ ವಿದ್ಯಾರ್ಥಿಯೊಬ್ಬನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೦ರಲ್ಲಿಯೇ ಹೀಗೆಂದು ತೀರ್ಮಾನಿಸಿದೆ. ಮೀಸಲಾತಿಯನ್ನು ನಂಬಿದವರು ತಮ್ಮ ಕಾಗದಪತ್ರಗಳನ್ನು ಮೊದಲೇ ತಿಳಿದವರಿಗೆ ತೋರಿಸಬೇಕು.

ಇನ್ನು ಅರ್ಜಿಯ ಖರ್ಚು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ೨೦೦೮ರಿಂದ ಕ್ಲಾಟ್ ಎಂಬ ಒಂದು ಪರೀಕ್ಷೆ ಇದೆ. ಸಾಮಾನ್ಯ ವರ್ಗದವರಿಗೆ ಅದರ ಶುಲ್ಕ ೪,೦೦೦ ರೂಪಾಯಿ. ದಿಲ್ಲಿಯದಕ್ಕೆ ಬೇರೆ ಪರೀಕ್ಷೆ, ಸಿಂಬಯೋಸಿಸ್‌ಗೆ ಬೇರೆ, ಮಹಾರಾಷ್ಟ್ರದ ಉಳಿದ ಕಾಲೇಜುಗಳಿಗೆ ಸರಕಾರದ ಸಿಇಟಿ ಬೇರೆ. ಎಲ್ಲಕ್ಕೂ ಹಾಕಿದರೆ ಸಂಬಳದ ಒಂದು ಪಾಲು ಅರ್ಜಿಗಳಿಗೇ ಹೋಯಿತು. ಆಮೇಲಿನ ಮಾತು ಇನ್ನೂ ದೊಡ್ಡದು. ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಖರ್ಚು ಲಕ್ಷಗಳಲ್ಲಿ. ಅಂಥ ವರ್ಷಗಳು ಐದು. ಜಾಗ ಸಿಕ್ಕಿದ ಮೇಲೆ 'ಆಗದು' ಎಂದು ಮಗುವಿಗೆ ಹೇಳುವುದಕ್ಕಿಂತ, ಎಷ್ಟರವರೆಗೆ ಆದೀತೆಂದು ಅರ್ಜಿಗೆ ಮೊದಲೇ ಕೂಡಿಸಿಕೊಂಡು ಹೇಳುವುದು ಲೇಸು.

ಕಾಯದೆಯ ದೃಷ್ಟಿಯಿಂದ ನೋಡಿದರೆ, ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಮನ್ನಣೆಯುಳ್ಳ ಕಾಲೇಜಿನ ಪದವಿಗಳೆಲ್ಲ ಸಮಾನ. ಆ ಮನ್ನಣೆ ಇದೆಯೇ ಎಂಬುದನ್ನು ಮಾತ್ರ ಕಣ್ಣಾರೆ ನೋಡಿಕೊಳ್ಳಬೇಕು. ಅಂಚೆಯ ಮೂಲಕ ಕಲಿತ ಪದವಿಯಿಂದ ವಕೀಲರಾಗಲು ಬಾರದು. ಪದವಿಯ ಬಳಿಕ ಸನದಿಗಾಗಿ ಹೆಸರು ನೋಂದಾಯಿಸುವಾಗ ಸಾಮಾನ್ಯ ವರ್ಗದವರಿಂದ ೭೫೦ ರೂಪಾಯಿಗಿಂತ ಹೆಚ್ಚು ಪಡೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೪ರಲ್ಲಿ ಹೇಳಿದೆ. ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ ಮುಗಿಸಿದವರು ದೇಶದ ಯಾವ ನ್ಯಾಯಾಲಯದಲ್ಲಾದರೂ ನಿಂತು ವಾದಿಸಬಹುದು.

ಹಾಗಾದರೆ ಆರಿಸುವುದು ಹೇಗೆ? ಮಗು ಮುಂದೆ ಎಲ್ಲಿ ಕೆಲಸ ಮಾಡಬೇಕೆನ್ನುತ್ತದೆ ಎಂಬುದನ್ನು ಮೊದಲು ಕೇಳಬೇಕು. ದೊಡ್ಡ ಕಂಪನಿಗಳ ನೌಕರಿ ಬೇಕೆಂದರೆ ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಹೆಸರಿಗೆ ಬೆಲೆ ಹೆಚ್ಚು. ಕೋರ್ಟಿನ ಕೆಲಸವೇ ಬೇಕೆಂದರೆ ಲೆಕ್ಕ ಬೇರೆ. ಉಚ್ಚ ನ್ಯಾಯಾಲಯದಲ್ಲಿ ಇಂಗ್ಲಿಷು ನಡೆದೀತು. ಕೆಳಗಿನ ಕೋರ್ಟುಗಳಲ್ಲಿ ಪುಣೆ, ಸೊಲ್ಲಾಪುರಗಳಿಗೆ ಮರಾಠಿ ಬೇಕು, ವಿಜಯಪುರ, ಬೆಳಗಾವಿಗಳಿಗೆ ಕನ್ನಡ ಬೇಕು. ಊರಿಗೆ ಮರಳುವ ಮನಸ್ಸಿದ್ದವರು ೨೦೦೯ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳನ್ನು ಮರೆಯಬಾರದು. ಬೆಳಗಾವಿಯ ರಾಜಾ ಲಖಮಗೌಡ ಕಾಲೇಜು ಅವುಗಳಲ್ಲೊಂದು, ೧೯೩೯ರಷ್ಟು ಹಳೆಯದು.

ಒಟ್ಟಿನಲ್ಲಿ ನಾಲ್ಕು ಅರ್ಜಿ ಸಾಕೆಂದು ನಮ್ಮ ಅಭಿಪ್ರಾಯ: ಕೈಗೆ ಎಟುಕೀತೋ ಇಲ್ಲವೋ ಎಂಬಂಥದು ಒಂದು, ಎಟುಕುವಂಥವು ಎರಡು, ಮನೆಯಿಂದಲೇ ಹೋಗಿಬರುವಂಥದು ಒಂದು. ಹೆಣ್ಣುಮಕ್ಕಳ ಪಟ್ಟಿಯಲ್ಲಿ ಕೊನೆಯದನ್ನಷ್ಟೇ ಉಳಿಸಿ ಮೇಲಿನ ಮೂರನ್ನು ಹೊಡೆದುಹಾಕುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಅದು ಹೋಗಬೇಕು.

ಕೊನೆಯದಾಗಿ ಒಂದು ಮಾತು. ಅಕ್ಕಲಕೋಟೆ, ಜತ್ತ ತಾಲೂಕುಗಳಲ್ಲಿ ಹೊಲದ ತಂಟೆ ಹೊತ್ತು ಮರಾಠಿ ಕೋರ್ಟಿಗೆ ಬರುವ ಕನ್ನಡದ ರೈತರು ಬೇಕಾದಷ್ಟು ಜನರಿದ್ದಾರೆ. ಅವರ ಗೋಳನ್ನು ಕನ್ನಡದಲ್ಲಿ ಕೇಳಿ ಮರಾಠಿಯಲ್ಲಿ ಬರೆಯಬಲ್ಲ ವಕೀಲರು ಬೇಕು. ಎರಡೂ ಮಾತನ್ನು ಆಡುತ್ತ ಬೆಳೆದವರು ನಮ್ಮ ಮಕ್ಕಳು. ಆದರೆ ಅವರಲ್ಲಿ ಹಲವರಿಗೆ ಕನ್ನಡ ಬಾಯಿಗೆ ಬಂದೀತು, ಕೈಗೆ ಬಾರದು. ಅಜ್ಜ ಊರಿನಿಂದ ಕಳಿಸಿದ ಖಾತೆ ಉತಾರೆಯನ್ನು ಓದಲಾಗದವರು ಆ ಕಕ್ಷಿದಾರನ ಕಾಗದವನ್ನು ಓದುವುದೆಂತು? ಪರೀಕ್ಷೆ ಮುಗಿದು ಕಾಲೇಜು ತೆರೆಯುವವರೆಗೆ ಎರಡು ತಿಂಗಳ ಬಿಡುವು ಸಿಗುತ್ತದೆ. ದಿನಕ್ಕೊಂದು ಪುಟ ಕನ್ನಡ ಬರೆಯಿಸಿರಿ. ಅದಕ್ಕೆ ಶುಲ್ಕವಿಲ್ಲ, ಪ್ರಮಾಣಪತ್ರವೂ ಬೇಡ.