ಹೊಸ ಬ್ಯಾಟ್‌ಗಿಂತ ಮೊದಲು ಹಳೆಯವನ್ನು ನೋಡಿ

ಅಂತರ ಕಾಲೇಜು ಪಂದ್ಯಗಳಲ್ಲಿ ನಮ್ಮವರು ಬೇಗ ಔಟಾದಾಗಲೆಲ್ಲ "ಪ್ರಾಕ್ಟೀಸ್ ಸಾಲದು" ಎಂಬ ಮಾತು ಬರುತ್ತದೆ. ನಾನು ತಂಡದ ಸ್ಕೋರರ್. ನನಗೆ ಕಾಣುವುದು ಬೇರೆ. ಬೈಯುವವರು ಒಮ್ಮೆ ಕ್ರೀಡಾ ಕೊಠಡಿಯ ಬ್ಯಾಟ್‌ಗಳನ್ನು ಕೈಗೆತ್ತಿಕೊಂಡು ನೋಡಬೇಕು.

ಅಲ್ಲಿರುವ ಐದೂ ಒಂದೇ ದೊಡ್ಡ ಸೈಜಿನವು. ಆರಡಿ ಎತ್ತರದ ಕ್ಯಾಪ್ಟನ್‌ಗೂ ಅದೇ, ಐದಡಿಯ ಓಪನರ್‌ಗೂ ಅದೇ. ಕ್ರಿಕೆಟ್ ನಿಯಮದಲ್ಲಿ ಬ್ಯಾಟಿನ ಉದ್ದ 38 ಇಂಚು, ಅಗಲ 4.25 ಇಂಚು ಮೀರಬಾರದು ಎಂದಿದೆ, ಅಷ್ಟೇ. ಎಲ್ಲರೂ ಅಷ್ಟು ದೊಡ್ಡದನ್ನೇ ಹಿಡಿಯಬೇಕು ಎಂದಿಲ್ಲ. ಗಿಡ್ಡ ಹುಡುಗ ಭಾರದ ಬ್ಯಾಟ್ ಹಿಡಿದರೆ ಕೈ ತಾನಾಗಿ ಹಿಡಿಕೆಯ ಕೆಳಕ್ಕೆ ಜಾರುತ್ತದೆ, ಬ್ಯಾಟ್ ಇಳಿಯುವುದು ಒಂದು ಕ್ಷಣ ತಡವಾಗುತ್ತದೆ. ಅಷ್ಟರಲ್ಲಿ ಬಾಲ್ ಅಂಚಿಗೆ ತಾಗಿ ಸ್ಲಿಪ್‌ನವನ ಕೈಯಲ್ಲಿರುತ್ತದೆ. ತೆಂಡುಲ್ಕರ್ ಭಾರದ ಬ್ಯಾಟಿನಲ್ಲೇ ಆಡಲಿಲ್ಲವೇ ಎಂದು ಕೇಳುವವರಿದ್ದಾರೆ. ಆಡಿದರು. ಆದರೆ ಅವರ ತೋಳು ನಮ್ಮ ಓಪನರ್‌ಗಿಲ್ಲ.

ರಿಪೇರಿಯ ಕಥೆ ಇನ್ನೂ ಬೇಸರದ್ದು. ಬ್ಯಾಟಿನ ಹಿಡಿಕೆ ಬೆತ್ತದ್ದು, ಹಲಗೆ ವಿಲೋ ಮರದ್ದು. ಹಲಗೆಯನ್ನು ವಿ ಆಕಾರದಲ್ಲಿ ಕೊರೆದು ಹಿಡಿಕೆಯನ್ನು ಅಂಟಿನಿಂದ ಕೂರಿಸುತ್ತಾರೆ. ಆ ಅಂಟು ಬಿಟ್ಟಿತೆಂದರೆ ಎಷ್ಟೇ ಜೋರಾಗಿ ಹೊಡೆದರೂ ಹೊಡೆತದ ಒಂದು ಪಾಲು ಸಂದಿನಲ್ಲೇ ಅಲುಗಾಡಿ ಮುಗಿಯುತ್ತದೆ, ಕೈ ಜುಮ್ಮೆನ್ನುತ್ತದೆ. ಗ್ರಿಪ್ ಸವೆದು ನುಣುಪಾಗಿದ್ದರೆ, ಬಾಲ್ ಮಧ್ಯಕ್ಕೆ ತಾಗದಿದ್ದಾಗ ಬ್ಯಾಟ್ ಕೈಯಲ್ಲೇ ತಿರುಗುತ್ತದೆ. ಕೆಳತುದಿ ಇಬ್ಬನಿಯಲ್ಲಿ ನೆನೆದರೆ ಉಬ್ಬಿ ಸೀಳುತ್ತದೆ. ನಮ್ಮಲ್ಲಿ ಈ ಮೂರೂ ಇವೆ.

ನಮ್ಮ ಮಾಮೂ ಬಡಗಿ. ಮೊಹಲ್ಲಾದ ಹುಡುಗರ ಬ್ಯಾಟ್‌ಗಳೆಲ್ಲ ಅವರ ಅಂಗಡಿಗೇ ಬರುತ್ತವೆ. ಹಿಡಿ ಸಡಿಲವಾದ ಸುತ್ತಿಗೆಯಲ್ಲಿ ಯಾರಾದರೂ ನೆಟ್ಟಗೆ ಮೊಳೆ ಹೊಡೆಯುತ್ತಾರಾ ಎಂದು ಉರ್ದುವಿನಲ್ಲೇ ರೇಗುತ್ತಾರೆ. ಹಳೆಯ ದಾರ ಬಿಚ್ಚಿ, ಅಂಟು ಹಾಕಿ, ಬಿಗಿಯಾಗಿ ಹೊಸ ದಾರ ಸುತ್ತಿ, ಒಂದು ದಿನ ಒಣಗಲು ಬಿಡುತ್ತಾರೆ. ಹೊಸ ಬ್ಯಾಟಿಗೆ ಅಗಸೆ ಎಣ್ಣೆ ಸವರಿ, ಮರದ ಸುತ್ತಿಗೆಯಿಂದ ಗಂಟೆಗಟ್ಟಲೆ ತಟ್ಟಿ ಹದ ಮಾಡದೆ ಲೆದರ್ ಬಾಲ್‌ಗೆ ಹಿಡಿಯಬಾರದು ಎಂದು ನನಗೆ ಹೇಳಿದ್ದೂ ಅವರೇ. ನಮ್ಮ ಕಾಲೇಜಿನವು ಅಂಗಡಿಯಿಂದ ನೇರ ಪಿಚ್‌ಗೆ ಹೋದವು.

ಅಕೌಂಟೆನ್ಸಿ ತರಗತಿಯಲ್ಲಿ ಸವಕಳಿ ಎಂದು ಬರೆಯುತ್ತೇವಲ್ಲ, ಅದು ಆ ಕೊಠಡಿಯಲ್ಲಿ ಕಣ್ಣಿಗೇ ಕಾಣುತ್ತದೆ. ಈ ವರ್ಷ ಎರಡು ಹೊಸ ಬ್ಯಾಟ್ ತರುವ ಮಾತಿದೆ. ಒಂದು ಸಾಕು, ಅದೂ ಚಿಕ್ಕದಾದ ಹ್ಯಾರೋ ಸೈಜಿನದು. ಉಳಿದ ಹಣದಲ್ಲಿ ಹಳೆಯ ಐದಕ್ಕೂ ಗ್ರಿಪ್, ದಾರ, ಅಂಟು ಬರುತ್ತದೆ. ಕೂಲಿ ಬೇಡ ಎಂದು ಮಾಮೂ ಆಗಲೇ ಹೇಳಿದ್ದಾರೆ. ದೈಹಿಕ ಶಿಕ್ಷಣದ ಸರ್ ಒಂದು ಭಾನುವಾರ ಕೊಠಡಿಯ ಬೀಗ ತೆಗೆಸಿಕೊಟ್ಟರೆ ಸಾಕು.